ನಷ್ಟಕ್ಕೆ ಮಾರಿದ ಸೈಟು, ಫ್ಲ್ಯಾಟು: ಆದಾಯ ತೆರಿಗೆಯಲ್ಲಿ ಪರಿಹಾರ ಪಡೆಯುವ ಸಮಗ್ರ ಮಾರ್ಗದರ್ಶಿ

ಸೈಟನ್ನೋ ಫ್ಲ್ಯಾಟನ್ನೋ ನಷ್ಟಕ್ಕೆ ಮಾರಿದವರಲ್ಲಿ ಬಹಳ ಮಂದಿ ಆ ವ್ಯವಹಾರವನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸುವುದೇ ಇಲ್ಲ. ‘ಲಾಭವೇ ಬಂದಿಲ್ಲ, ತೆರಿಗೆಯ ಮಾತೇ ಇಲ್ಲ, ಮತ್ತೆ ತೋರಿಸುವುದೇನು?’ ಎಂಬುದು ಅವರ ವಾದ. ಕೆಲವು ಆಡಿಟರುಗಳೂ ಇದಕ್ಕೆ ತಲೆಯಾಡಿಸುತ್ತಾರೆ. ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಕಳೆದುಕೊಂಡವರು, ಕಾನೂನು ಕೊಡುವ ಅಷ್ಟಿಷ್ಟು ಪರಿಹಾರವನ್ನೂ ಕೈಯಾರೆ ಬಿಟ್ಟುಕೊಡುವುದನ್ನು ಕಂಡಾಗ ಸಂಕಟವಾಗುತ್ತದೆ. ಆಸ್ತಿಯ ನಷ್ಟವನ್ನು ಕ್ರಮವಾಗಿ ಘೋಷಿಸಿದರೆ, ಮುಂದಿನ ಎಂಟು ವರ್ಷಗಳಲ್ಲಿ ಬರುವ ಬಂಡವಾಳ ಲಾಭದಿಂದ, ಅಂದರೆ ಆಸ್ತಿ, ಷೇರು, ಚಿನ್ನದಂಥವನ್ನು ಮಾರಿ ಬಂದ ಲಾಭದಿಂದ, ಅದನ್ನು ಕಳೆಯಬಹುದು. ಘೋಷಿಸದಿದ್ದರೆ ಆ ಹಕ್ಕು ಅಲ್ಲಿಗೇ ಮುಗಿಯಿತು.

ಇಲ್ಲಿ ಬಳಸಿರುವ ಕಲಂ ಸಂಖ್ಯೆಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಗೆ ಬಂದಿರುವುದರಿಂದ ಆ ದಿನದ ನಂತರದ ಮಾರಾಟಗಳಿಗೆ ಸಂಖ್ಯೆಗಳು ಬೇರೆ. ನಷ್ಟ ಹೊಂದಾಣಿಕೆಯ ಮೂಲ ತತ್ತ್ವ ಅದೇ. ಹಳೆಯ ಕಾಯ್ದೆಯಡಿ ಮುಂದಕ್ಕೆ ಒಯ್ದ ನಷ್ಟವೂ ಉಳಿದ ವರ್ಷಗಳಿಗೆ ಮುಂದುವರಿಯುತ್ತದೆ.

ಬೆಲೆ ಬಿದ್ದರೆ ಸಾಲದು, ಆಸ್ತಿ ಕೈಬಿಡಬೇಕು

ಮೊದಲ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಐವತ್ತು ಲಕ್ಷಕ್ಕೆ ಕೊಂಡ ಸೈಟು ರಾಜಕಾಲುವೆಯ ಮೀಸಲು ಅಂಚಿಗೆ ಬಿದ್ದಿದೆ ಎಂದು ಆಮೇಲೆ ಗೊತ್ತಾಗುತ್ತದೆ. ರೆವಿನ್ಯೂ ಸೈಟಿಗೆ ಖಾತೆಯೇ ಆಗುವುದಿಲ್ಲ. ಬಡಾವಣೆಗೆ ಬರಬೇಕಿದ್ದ ರಸ್ತೆ ಬರುವುದಿಲ್ಲ. ಇಂದು ಯಾರೂ ಇಪ್ಪತ್ತು ಲಕ್ಷಕ್ಕೂ ಕೇಳುತ್ತಿಲ್ಲ. ಮಾಲೀಕರ ಲೆಕ್ಕದಲ್ಲಿ ಇದು ಮೂವತ್ತು ಲಕ್ಷದ ನಷ್ಟ. ಆದಾಯ ತೆರಿಗೆಯ ಲೆಕ್ಕದಲ್ಲಿ ಸೊನ್ನೆ. ಆಸ್ತಿ ‘ವರ್ಗಾವಣೆ’ ಆಗುವವರೆಗೆ, ಅಂದರೆ ಮಾರಾಟ, ವಿನಿಮಯ, ಹಕ್ಕು ಬಿಟ್ಟುಕೊಡುವುದು ಅಥವಾ ಸರ್ಕಾರದ ಸ್ವಾಧೀನ ಇವುಗಳಲ್ಲಿ ಒಂದು ನಡೆಯುವವರೆಗೆ, ಲಾಭವೂ ಇಲ್ಲ, ನಷ್ಟವೂ ಇಲ್ಲ. ಮೌಲ್ಯಮಾಪಕರಿಂದ ವರದಿ ತಂದು ಲಗತ್ತಿಸಿದರೂ ನಡೆಯುವುದಿಲ್ಲ.

ಇನ್ನೊಂದು ಕಹಿ ಸತ್ಯವಿದೆ. ಆಸ್ತಿ ನಾಶವಾಗುವುದೂ ವರ್ಗಾವಣೆಯಲ್ಲ. ಬೆಂಕಿಗೆ ಆಹುತಿಯಾದ ಯಂತ್ರಗಳ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಹೀಗೆಂದು ಹೇಳಿತು. ಆಮೇಲೆ ಕಾಯ್ದೆಗೆ 45(1ಎ) ಕಲಂ ಸೇರಿಸಿ, ಪ್ರವಾಹ, ಬೆಂಕಿಯಂತಹ ಅನಾಹುತದಲ್ಲಿ ವಿಮೆಯ ಹಣ ಬಂದರೆ ಅದನ್ನು ಮಾರಾಟದ ಹಣವೆಂದು ಪರಿಗಣಿಸುವ ವ್ಯವಸ್ಥೆ ಮಾಡಲಾಯಿತು. ವಿಮೆ ಇಲ್ಲದವರಿಗೆ ಅದರಿಂದ ಪ್ರಯೋಜನವಿಲ್ಲ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಂತಹ ದುರಂತದಲ್ಲಿ ವಿಮೆಯಿಲ್ಲದ ಮನೆ ಕಳೆದುಕೊಂಡವರಿಗೆ ಬಂಡವಾಳ ನಷ್ಟದ ದಾರಿ ತೆರೆಯುವುದಿಲ್ಲ. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ, ಆದರೆ ಕಾನೂನು ಹೀಗಿದೆ.

ನಿಮ್ಮ ಜಮೀನು ಲೆಕ್ಕಕ್ಕೆ ಬರುತ್ತದೆಯೇ?

ಗ್ರಾಮಾಂತರ ಕೃಷಿ ಜಮೀನು ಕಾಯ್ದೆಯ ಕಣ್ಣಿಗೆ ಬಂಡವಾಳ ಆಸ್ತಿಯೇ ಅಲ್ಲ. ಅದನ್ನು ಲಾಭಕ್ಕೆ ಮಾರಿದರೆ ತೆರಿಗೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತು; ನಷ್ಟಕ್ಕೆ ಮಾರಿದರೆ ನಷ್ಟವೂ ಇಲ್ಲ ಎಂಬುದು ಮರೆತುಹೋಗುತ್ತದೆ. ಗ್ರಾಮಾಂತರ ಎಂಬುದಕ್ಕೆ ಅಳತೆ ಇದೆ: ಹತ್ತಿರದ ಪುರಸಭೆ ಅಥವಾ ನಗರಸಭೆಯ ಗಡಿಯಿಂದ ನೇರ ವೈಮಾನಿಕ ದೂರವನ್ನು ತೆಗೆದುಕೊಳ್ಳಬೇಕು. ಆ ಊರಿನ ಜನಸಂಖ್ಯೆ 10 ಸಾವಿರದಿಂದ 1 ಲಕ್ಷದೊಳಗಿದ್ದರೆ 2 ಕಿಲೋಮೀಟರ್, 1ರಿಂದ 10 ಲಕ್ಷದೊಳಗಿದ್ದರೆ 6, ಅದಕ್ಕೂ ಹೆಚ್ಚಿದ್ದರೆ 8 ಕಿಲೋಮೀಟರ್ ಆಚೆಗಿನ ಸಾಗುವಳಿ ಜಮೀನು ಮಾತ್ರ ಗ್ರಾಮಾಂತರ. ಭೂಪರಿವರ್ತನೆಯಾದ ಜಮೀನು, ಬಡಾವಣೆಯ ಸೈಟು, ಮನೆ, ಫ್ಲ್ಯಾಟು, ಅಂಗಡಿ ಮಳಿಗೆ ಇವೆಲ್ಲ ಬಂಡವಾಳ ಆಸ್ತಿಗಳೇ.

ಸೈಟುಗಳನ್ನು ಕೊಂಡು ಮಾರುವುದೇ ವೃತ್ತಿಯಾಗಿರುವವರ ದಾರಿ ಬೇರೆ. ಅವರಿಗೆ ಆಸ್ತಿ ದಾಸ್ತಾನು, ನಷ್ಟ ವ್ಯಾಪಾರದ ನಷ್ಟ. ಈ ಬರಹ ಅವರಿಗಲ್ಲ.

ನಷ್ಟದ ಲೆಕ್ಕ ಹಾಕುವುದು

ಒಂದು ಉದಾಹರಣೆ ಹಿಡಿಯೋಣ. 2015-16ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ 60 ಲಕ್ಷ ರೂಪಾಯಿಗೆ ಫ್ಲ್ಯಾಟು ಕೊಂಡಿರಿ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ನೋಂದಣಿ ಶುಲ್ಕ ಎಲ್ಲ ಸೇರಿ ಶೇ 6.6, ಅಂದರೆ 3 ಲಕ್ಷ 96 ಸಾವಿರ. ಒಟ್ಟು ಖರೀದಿ ವೆಚ್ಚ 63.96 ಲಕ್ಷ. 2025-26ರಲ್ಲಿ ಅದನ್ನು 52 ಲಕ್ಷಕ್ಕೆ ಮಾರಿದಿರಿ, ದಲ್ಲಾಳಿಗೆ ಶೇ 1ರಂತೆ 52 ಸಾವಿರ ಕೊಟ್ಟಿರಿ. ಕೈಗೆ ಉಳಿದದ್ದು 51.48 ಲಕ್ಷ. ನಷ್ಟ 12.48 ಲಕ್ಷ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಿಮ್ಮ ಬಳಿ ಇದ್ದುದರಿಂದ ಇದು ದೀರ್ಘಾವಧಿ ಬಂಡವಾಳ ನಷ್ಟ.

ಖರೀದಿ ವೆಚ್ಚಕ್ಕೆ ಏನೇನು ಸೇರುತ್ತದೆ ಎಂಬುದನ್ನು ಸಾವಧಾನವಾಗಿ ನೋಡಿ, ಏಕೆಂದರೆ ಬಿಟ್ಟುಹೋದ ಪ್ರತಿ ರೂಪಾಯಿ ನಿಮ್ಮ ನಷ್ಟವನ್ನು ಕಡಿಮೆ ತೋರಿಸುತ್ತದೆ. ಬಿಲ್ಡರಿಗೆ ಕಟ್ಟಿದ ಮೂಲ ಬೆಲೆ, ಕಾರು ನಿಲುಗಡೆಯ ಶುಲ್ಕ, ಸೇವಾ ತೆರಿಗೆ ಅಥವಾ ಜಿಎಸ್‌ಟಿ, ಮುದ್ರಾಂಕ ಮತ್ತು ನೋಂದಣಿ ಶುಲ್ಕ, ಖರೀದಿಯ ದಲ್ಲಾಳಿ ಎಲ್ಲ ಸೇರುತ್ತವೆ. ಮೇಲೊಂದು ಮಹಡಿ ಕಟ್ಟಿಸಿದ್ದು, ಕೊಳವೆಬಾವಿ ಕೊರೆಸಿದ್ದು, ಸೈಟಿಗೆ ಕಾಂಪೌಂಡ್ ಹಾಕಿಸಿದ್ದು ಸುಧಾರಣಾ ವೆಚ್ಚ. ಸುಣ್ಣಬಣ್ಣ, ನಲ್ಲಿ ರಿಪೇರಿ, ತಿಂಗಳ ನಿರ್ವಹಣೆ ಇವಾವುವೂ ಸೇರುವುದಿಲ್ಲ. ಗೃಹಸಾಲದ ಬಡ್ಡಿಗೆ ಈಗಾಗಲೇ 24(ಬಿ) ಕಲಂ ಅಡಿ ಕಡಿತ ಪಡೆದಿದ್ದರೆ ಅದೇ ಬಡ್ಡಿಯನ್ನು ಮತ್ತೆ ಖರೀದಿ ವೆಚ್ಚಕ್ಕೆ ಸೇರಿಸುವಂತಿಲ್ಲ. 2023ರ ಹಣಕಾಸು ಕಾಯ್ದೆ ಈ ಬಾಗಿಲನ್ನು ಸ್ಪಷ್ಟವಾಗಿ ಮುಚ್ಚಿದೆ.

ತಂದೆಯಿಂದ ಬಂದ ಅಥವಾ ದಾನವಾಗಿ ಬಂದ ಆಸ್ತಿಯಾದರೆ, ಅವರು ಕೊಂಡ ಬೆಲೆಯೇ ನಿಮ್ಮ ವೆಚ್ಚ. 2001ರ ಏಪ್ರಿಲ್ 1ಕ್ಕೂ ಹಿಂದಿನದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು, ಆದರೆ ಆ ದಿನದ ಮುದ್ರಾಂಕ ಮೌಲ್ಯವನ್ನು (ಮುದ್ರಾಂಕ ಶುಲ್ಕಕ್ಕಾಗಿ ಸರ್ಕಾರ ಹಿಡಿಯುವ ಬೆಲೆ, ಅಂದರೆ ಮಾರ್ಗಸೂಚಿ ಬೆಲೆ) ಮೀರುವಂತಿಲ್ಲ.

ಈಗ ಹಣದುಬ್ಬರ ಸೂಚ್ಯಂಕದ ವಿಷಯ, ಅಂದರೆ ಹಣದುಬ್ಬರಕ್ಕೆ ತಕ್ಕಂತೆ ಖರೀದಿ ವೆಚ್ಚವನ್ನು ಹಿಗ್ಗಿಸಲು ಬಳಸುವ ಸಂಖ್ಯೆ. ಇಲ್ಲಿ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. 2015-16ರ ಸೂಚ್ಯಂಕ 254, 2025-26ರದ್ದು 376. ಆ ಲೆಕ್ಕದಲ್ಲಿ 63.96 ಲಕ್ಷದ ಖರೀದಿ ವೆಚ್ಚ 94.68 ಲಕ್ಷವಾಗುತ್ತದೆ, ನಷ್ಟ 43.20 ಲಕ್ಷಕ್ಕೆ ಏರುತ್ತದೆ. ‘ಸೂಚ್ಯಂಕದ ಸೌಲಭ್ಯವನ್ನು ತೆಗೆದರೂ 2024ರ ಜುಲೈ 23ಕ್ಕಿಂತ ಮೊದಲು ಕೊಂಡವರಿಗೆ ಉಳಿಸಿದ್ದಾರಲ್ಲ’ ಎಂದು ಈ 43 ಲಕ್ಷವನ್ನು ಮುಂದಕ್ಕೆ ಒಯ್ಯಲು ಹೊರಡುವವರಿದ್ದಾರೆ. ಉಳಿಸಿರುವುದು ನಿವಾಸಿ ವ್ಯಕ್ತಿಗಳು ಮತ್ತು ಹಿಂದೂ ಅವಿಭಕ್ತ ಕುಟುಂಬಗಳು ಕಟ್ಟುವ ತೆರಿಗೆಯ ಮೊತ್ತವನ್ನು ಹೋಲಿಸಲು ಮಾತ್ರ: ಸೂಚ್ಯಂಕವಿಲ್ಲದೆ ಶೇ 12.5 ಅಥವಾ ಸೂಚ್ಯಂಕದೊಂದಿಗೆ ಶೇ 20, ಯಾವುದು ಕಡಿಮೆಯೋ ಅದು. ನಷ್ಟದ ಲೆಕ್ಕಕ್ಕೆ ಸೂಚ್ಯಂಕ ಬರುವುದಿಲ್ಲ. ರಿಟರ್ನ್ಸ್ ನಮೂನೆಯಲ್ಲಿ ಎರಡೂ ಲೆಕ್ಕ ಕಾಣುತ್ತವೆ, ದೊಡ್ಡದನ್ನು ಕಂಡು ಮೋಸಹೋಗಬೇಡಿ. ನಿಮ್ಮ ನಷ್ಟ 12.48 ಲಕ್ಷವೇ.

ಮಾರ್ಗಸೂಚಿ ಬೆಲೆ ಎಂಬ ದೊಡ್ಡ ಅಡ್ಡಿ

ಇಷ್ಟು ಲೆಕ್ಕ ಹಾಕಿದ ಮೇಲೂ ನಷ್ಟ ಆವಿಯಾಗಿಬಿಡಬಹುದು, ಅದಕ್ಕೆ ಕಾರಣ 50ಸಿ ಕಲಂ. ನೀವು ಎಷ್ಟಕ್ಕೇ ಮಾರಿರಿ, ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ಬೆಲೆ ನಿಮ್ಮ ಕ್ರಯದ ಮೊತ್ತದ ಶೇ 110ನ್ನು ಮೀರಿದರೆ, ಮಾರ್ಗಸೂಚಿ ಬೆಲೆಗೇ ಮಾರಿದಿರಿ ಎಂದು ಇಲಾಖೆ ಭಾವಿಸುತ್ತದೆ.

ಮೇಲಿನ ಫ್ಲ್ಯಾಟನ್ನೇ ನೋಡಿ. 52 ಲಕ್ಷದ ಶೇ 110 ಎಂದರೆ 57.20 ಲಕ್ಷ. ಮಾರ್ಗಸೂಚಿ ಬೆಲೆ 55 ಲಕ್ಷವಿದ್ದರೆ ತೊಂದರೆಯಿಲ್ಲ, 52 ಲಕ್ಷವೇ ನಿಲ್ಲುತ್ತದೆ. 60 ಲಕ್ಷವಿದ್ದರೆ ಮಾರಾಟದ ಬೆಲೆ 60 ಲಕ್ಷವೆಂದಾಗಿ ನಷ್ಟ 4.48 ಲಕ್ಷಕ್ಕೆ ಕುಗ್ಗುತ್ತದೆ. 66 ಲಕ್ಷವಿದ್ದರೆ? ನಿಮ್ಮ ಕೈಗೆ ಒಂದು ರೂಪಾಯಿ ಹೆಚ್ಚು ಬರದಿದ್ದರೂ 1.52 ಲಕ್ಷ ರೂಪಾಯಿ ಲಾಭ ಬಂದಿದೆ ಎಂದು ತೆರಿಗೆ ಕೇಳುತ್ತಾರೆ. ಕರ್ನಾಟಕದಲ್ಲಿ 2023ರ ಅಕ್ಟೋಬರ್ 1ರಿಂದ ಮಾರ್ಗಸೂಚಿ ಬೆಲೆಗಳನ್ನು ರಾಜ್ಯದಾದ್ಯಂತ ಪರಿಷ್ಕರಿಸಲಾಯಿತು. ಖಾತೆಯ ತಕರಾರು, ದಾರಿಯ ಸಮಸ್ಯೆ, ವ್ಯಾಜ್ಯ ಇವುಗಳಿಂದ ಬೆಲೆ ಕುಸಿದ ಸೈಟಿಗೂ ಅದೇ ರಸ್ತೆಯ ದೋಷವಿಲ್ಲದ ಸೈಟಿನ ದರವೇ ಅನ್ವಯಿಸುವುದರಿಂದ, ನಿಜವಾಗಿ ನಷ್ಟವಾದವರಿಗೇ ಈ ಕಲಂ ಹೆಚ್ಚು ಹೊಡೆತ ಕೊಡುತ್ತದೆ.

ಆದ್ದರಿಂದ ಖರೀದಿದಾರರ ಜೊತೆ ಮಾತು ಮುಗಿಸುವ ಮೊದಲೇ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮಾರ್ಗಸೂಚಿ ಬೆಲೆ ನೋಡಿ. ಅದು ನಿಜವಾದ ಬೆಲೆಗಿಂತ ಬಹಳ ಹೆಚ್ಚಿದ್ದರೆ ಮಾರಾಟಕ್ಕೆ ಮುಂಚೆಯೇ ನೋಂದಾಯಿತ ಮೌಲ್ಯಮಾಪಕರಿಂದ ವರದಿ ಮಾಡಿಸಿ. ಸೈಟಿನ ದೋಷ ಏನು ಎಂಬುದನ್ನು ಕ್ರಯಪತ್ರದಲ್ಲೂ ಬರೆಸಿ. ತೆರಿಗೆ ಅಧಿಕಾರಿ 50ಸಿ ಎತ್ತಿದಾಗ, ‘ಮಾರ್ಗಸೂಚಿ ಬೆಲೆ ಮಾರುಕಟ್ಟೆ ಬೆಲೆಗಿಂತ ಹೆಚ್ಚಿದೆ, ಇಲಾಖೆಯ ಮೌಲ್ಯಮಾಪನಾಧಿಕಾರಿಗೆ ಒಪ್ಪಿಸಿ’ ಎಂದು ಲಿಖಿತವಾಗಿ ಕೇಳುವ ಹಕ್ಕು ಅದೇ ಕಲಂನ ಎರಡನೇ ಉಪಕಲಂನಲ್ಲಿದೆ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ಕರಾರು ಮೊದಲೇ ಆಗಿ, ಮುಂಗಡದ ಒಂದಂಶವಾದರೂ ಬ್ಯಾಂಕಿನ ಮೂಲಕ ಬಂದಿದ್ದರೆ, ಕರಾರಿನ ದಿನದ ಮಾರ್ಗಸೂಚಿ ಬೆಲೆಯನ್ನೇ ಹಿಡಿಯಬಹುದು. ನಡುವೆ ದರ ಪರಿಷ್ಕರಣೆಯಾದರೆ ಇದು ಕೈಹಿಡಿಯುತ್ತದೆ.

ನಗದಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಖರೀದಿಸುವಾಗ ಒಂದು ಭಾಗವನ್ನು ಕೈಹಣವಾಗಿ ಕೊಟ್ಟು, ಕ್ರಯಪತ್ರದಲ್ಲಿ ಕಡಿಮೆ ಬರೆಸಿದ್ದರೆ ಆ ಹಣ ಯಾವ ಲೆಕ್ಕಕ್ಕೂ ಬರುವುದಿಲ್ಲ. 60 ಲಕ್ಷ ಕೊಟ್ಟು 35 ಲಕ್ಷಕ್ಕೆ ನೋಂದಣಿ ಮಾಡಿಸಿದವರು 52 ಲಕ್ಷಕ್ಕೆ ಬಿಳಿಯಾಗಿ ಮಾರಿದರೆ ಕಾಗದದ ಮೇಲೆ ಲಾಭವೇ ಕಾಣುತ್ತದೆ. ಮಾರುವಾಗಲೂ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ಪಡೆದರೆ, ಪಡೆದಷ್ಟೇ ಮೊತ್ತದ ದಂಡ ಬೀಳಬಹುದು.

ಫ್ಲ್ಯಾಟು ಮೇಲೇಳಲೇ ಇಲ್ಲವೆಂದರೆ

ಹಣ ಕಟ್ಟಿದ್ದೀರಿ, ಕರಾರು ಇದೆ, ಕಟ್ಟಡ ಮಾತ್ರ ಇಲ್ಲ. ನಿಮ್ಮ ಬಳಿ ಫ್ಲ್ಯಾಟು ಇಲ್ಲದಿದ್ದರೂ ಫ್ಲ್ಯಾಟು ಪಡೆಯುವ ಹಕ್ಕು ಇದೆ, ಆ ಹಕ್ಕೇ ಬಂಡವಾಳ ಆಸ್ತಿ. 30 ಲಕ್ಷ ಕಟ್ಟಿದವರು ರಾಜಿಯಾಗಿ 22 ಲಕ್ಷ ವಾಪಸು ಪಡೆದು ಕರಾರು ರದ್ದು ಮಾಡಿಕೊಂಡರೆ, ಹಕ್ಕನ್ನು ಬಿಟ್ಟುಕೊಟ್ಟಂತೆ, 8 ಲಕ್ಷ ಬಂಡವಾಳ ನಷ್ಟ. ಹಕ್ಕು ಭಾಗಶಃ ಅಳಿದುಹೋಗುವುದೂ ವರ್ಗಾವಣೆಯೇ ಎಂಬ ಮಾತನ್ನು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಜುಪಿಟರ್ ಕ್ಯಾಪಿಟಲ್ ಪ್ರಕರಣದಲ್ಲಿ ಮತ್ತೆ ಎತ್ತಿಹಿಡಿಯಿತು. ಅದು ಷೇರುಗಳ ವಿಷಯ, ಕರ್ನಾಟಕ ಹೈಕೋರ್ಟಿನಿಂದ ಹೋದ ಮೊಕದ್ದಮೆ. ಆದರೂ ಹಕ್ಕು ಕಳೆದುಕೊಂಡವರ ವಾದಕ್ಕೆ ಬಲ ಕೊಡುತ್ತದೆ.

ಇಲ್ಲಿ ಎಲ್ಲವೂ ರದ್ದತಿ ಪತ್ರದ ಮೇಲೆ ನಿಂತಿದೆ. ಅದರಲ್ಲಿ ನೀವು ಕಟ್ಟಿದ್ದೆಷ್ಟು, ಅಸಲಾಗಿ ವಾಪಸು ಬಂದದ್ದೆಷ್ಟು, ಬಡ್ಡಿ ಎಷ್ಟು, ಯಾವ ದಿನಾಂಕದಿಂದ ನಿಮ್ಮ ಹಕ್ಕು ಕೊನೆಗೊಂಡಿತು ಎಂಬುದು ಬೇರೆಬೇರೆಯಾಗಿ ಇರಲಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಆದೇಶದ ಮೂಲಕ ಹಣ ಬಂದರೂ ಅಸಲು ಮತ್ತು ಬಡ್ಡಿಯನ್ನು ಬೆರೆಸಬೇಡಿ, ಬಡ್ಡಿಗೆ ತೆರಿಗೆಯ ಲೆಕ್ಕವೇ ಬೇರೆ. ಬಿಲ್ಡರು ಪರಾರಿಯಾಗಿ, ರೇರಾದಲ್ಲಿ ದೂರು ಹಾಕಿ ಇನ್ನೂ ಕಾಯುತ್ತಿರುವವರಿಗೆ ಸದ್ಯಕ್ಕೆ ನಷ್ಟ ಘೋಷಿಸಲು ಆಗುವುದಿಲ್ಲ: ಹಕ್ಕು ಇನ್ನೂ ಜೀವಂತವಾಗಿದೆ.

ನಷ್ಟವನ್ನು ಎಲ್ಲಿ ಕಳೆಯಬಹುದು

ಸಂಬಳ, ಬಾಡಿಗೆ, ಬ್ಯಾಂಕ್ ಬಡ್ಡಿ, ವ್ಯಾಪಾರದ ಲಾಭ ಇವುಗಳಿಂದ ಬಂಡವಾಳ ನಷ್ಟವನ್ನು ಕಳೆಯುವಂತಿಲ್ಲ. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಿಂದ ಮಾತ್ರ, ಅಲ್ಪಾವಧಿ ನಷ್ಟವನ್ನು ಎರಡೂ ಬಗೆಯ ಬಂಡವಾಳ ಲಾಭದಿಂದ ಕಳೆಯಬಹುದು. ಲಾಭ ಆಸ್ತಿಯಿಂದಲೇ ಬರಬೇಕೆಂದಿಲ್ಲ. ಚಿನ್ನ ಮಾರಿದ ಲಾಭ, ಷೇರು, ಮ್ಯೂಚುವಲ್ ಫಂಡ್ ಲಾಭ ಎಲ್ಲವೂ ನಡೆಯುತ್ತವೆ. 2025-26ರಲ್ಲಿ ಆದ ನಷ್ಟವನ್ನು 2034-35ರ ಕರನಿರ್ಧರಣಾ ವರ್ಷಕ್ಕೆ ಸಮನಾದ ಅವಧಿಯವರೆಗೆ, ಅಂದರೆ 2033-34ರಲ್ಲಿ ಬರುವ ಲಾಭದವರೆಗೆ, ಒಯ್ಯಬಹುದು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಈ ಹಕ್ಕು ಇದೆ.

ಆದರೆ ಹೊಂದಾಣಿಕೆ ನಿಮ್ಮ ಇಷ್ಟದ್ದಲ್ಲ. ಲಾಭ ಬಂದ ವರ್ಷ ನಷ್ಟ ತಾನಾಗಿ ಕಳೆದುಹೋಗುತ್ತದೆ, ಮುಂದಿನ ವರ್ಷಕ್ಕೆ ಕಾದಿರಿಸುವಂತಿಲ್ಲ. ಷೇರು ಮತ್ತು ಈಕ್ವಿಟಿ ಫಂಡಿನ ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ಹೇಗೂ ತೆರಿಗೆ ಇಲ್ಲ. ಹಳೆಯ ನಷ್ಟ ಇದ್ದರೆ ಅದನ್ನು ಮೊದಲು ಕಳೆದೇ ಈ ವಿನಾಯಿತಿಯನ್ನು ನೋಡುತ್ತಾರೆ. ಹಾಗಾಗಿ ಪ್ರತಿವರ್ಷ ಒಂದೊಂದು ಲಕ್ಷದ ಲಾಭ ಪಡೆಯುತ್ತಾ ಹೋದರೆ ನಿಮ್ಮ ನಷ್ಟ ಯಾವ ಉಳಿತಾಯವೂ ಇಲ್ಲದೆ ಕರಗುತ್ತದೆ. ಫಂಡು ಮಾರುವ ಅಗತ್ಯವಿದ್ದರೆ ಒಂದೇ ವರ್ಷದಲ್ಲಿ ದೊಡ್ಡ ಮೊತ್ತವನ್ನು ಮಾರುವುದು ಜಾಣತನ.

ಉಳಿತಾಯ ಎಷ್ಟು ಎಂಬುದನ್ನೂ ನೇರವಾಗಿ ಹೇಳುತ್ತೇನೆ. 12.48 ಲಕ್ಷ ನಷ್ಟ ಪೂರ್ತಿ ಬಳಕೆಯಾದರೆ ಶೇ 12.5ರ ತೆರಿಗೆ, ಶೇ 4ರ ಸೆಸ್ಸು ಸೇರಿ ಸುಮಾರು 1 ಲಕ್ಷ 62 ಸಾವಿರ ರೂಪಾಯಿ. ತೆರಿಗೆ ಉಳಿಸಲೆಂದೇ ಆಸ್ತಿಯನ್ನು ನಷ್ಟಕ್ಕೆ ಮಾರುವುದು ಬೇಡ. ಮಾರುವ ತೀರ್ಮಾನ ಬೇರೆ ಕಾರಣಕ್ಕೆ ಆಗಿದ್ದರೆ ಈ ಹಣವನ್ನು ಬಿಡಬೇಡಿ. ನೆಂಟರ ಹೆಸರಿಗೆ ಕಡಿಮೆ ಬೆಲೆಗೆ ಬರೆದುಕೊಟ್ಟು ನಷ್ಟ ಸೃಷ್ಟಿಸುವ ಸಲಹೆ ಕೊಡುವವರಿಂದಂತೂ ದೂರವಿರಿ.

ರಿಟರ್ನ್ಸ್ ಸಲ್ಲಿಕೆ: ದಿನಾಂಕವೇ ಪ್ರಾಣ

ನಷ್ಟವನ್ನು ಮುಂದಕ್ಕೆ ಒಯ್ಯಬೇಕಾದರೆ ರಿಟರ್ನ್ಸ್ ಕೊನೆಯ ದಿನಾಂಕದೊಳಗೆ ಸಲ್ಲಿಕೆಯಾಗಿರಲೇಬೇಕು. ಸಂಬಳದಾರರಿಗೆ ಸಾಮಾನ್ಯವಾಗಿ ಇದು ಜುಲೈ 31. ಸರ್ಕಾರ ವಿಸ್ತರಿಸಿದರೆ ವಿಸ್ತರಿಸಿದ ದಿನ. ಆಮೇಲೆ ದಂಡ ಕಟ್ಟಿ ತಡವಾಗಿ ಸಲ್ಲಿಸಿದರೆ ಬೇರೆಲ್ಲ ಸರಿಹೋಗಬಹುದು, ಬಂಡವಾಳ ನಷ್ಟ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಅದೇ ವರ್ಷದ ಲಾಭದಿಂದ ಕಳೆಯಲು ಅಡ್ಡಿಯಿಲ್ಲ, ಅಷ್ಟೆ.

ವ್ಯಾಪಾರದ ಆದಾಯವಿಲ್ಲದವರಿಗೆ ಐಟಿಆರ್-2 ನಮೂನೆ ಬೇಕು. ತುಂಬಲು ಕೂರುವ ಮೊದಲು ಎರಡೂ ಕ್ರಯಪತ್ರ, ಶುಲ್ಕದ ರಸೀದಿ, ಬಿಲ್ಡರಿನ ರಸೀದಿಗಳು, ಬ್ಯಾಂಕ್ ದಾಖಲೆ, ಖರೀದಿದಾರರ ಪ್ಯಾನ್, ಆಸ್ತಿಯ ವಿಳಾಸ ಮತ್ತು ಪಿನ್‌ಕೋಡ್ ಮುಂದಿಟ್ಟುಕೊಳ್ಳಿ. ಬಂಡವಾಳ ಲಾಭದ ಅನುಸೂಚಿಯಲ್ಲಿ ಮಾರಾಟದ ಮೊತ್ತ ಮತ್ತು ಮುದ್ರಾಂಕ ಮೌಲ್ಯವನ್ನು ಬೇರೆಬೇರೆಯಾಗಿ ಕೇಳುತ್ತದೆ. ಎರಡನ್ನೂ ಇದ್ದಂತೆಯೇ ಬರೆಯಿರಿ. ಕೊನೆಗೆ ಸಿಎಫ್‌ಎಲ್ ಎಂಬ ಅನುಸೂಚಿ ತೆರೆದು, ಮುಂದಕ್ಕೆ ಒಯ್ಯುವ ದೀರ್ಘಾವಧಿ ನಷ್ಟದ ಸಾಲಿನಲ್ಲಿ ನಿಮ್ಮ ಮೊತ್ತ ಬಂದಿದೆಯೇ ಎಂದು ಕಣ್ಣಾರೆ ನೋಡಿ. ಸಲ್ಲಿಸಿದ 30 ದಿನಗಳೊಳಗೆ ಇ-ದೃಢೀಕರಣ ಮುಗಿಸಿ, ಇಲ್ಲವಾದರೆ ಶ್ರಮವೆಲ್ಲ ವ್ಯರ್ಥ.

ಜಂಟಿ ಮಾಲೀಕತ್ವವಿದ್ದರೆ ಹಣ ಹೂಡಿದ ಪ್ರಮಾಣದಲ್ಲಿ ನಷ್ಟವೂ ಹಂಚಿಹೋಗುತ್ತದೆ. ಪತ್ನಿಯ ಹೆಸರಿನಲ್ಲಿದ್ದರೂ ಹಣ ಪೂರ್ತಿ ಪತಿಯದಾಗಿದ್ದರೆ ನಷ್ಟ ಪತಿಯ ರಿಟರ್ನ್ಸ್‌ಗೆ ಬರಬೇಕು. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ನಷ್ಟವಾಗಿದ್ದರೂ ಖರೀದಿದಾರರು ಶೇ 1 ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಹಿಡಿಯುತ್ತಾರೆ. ಅದು ನಿಮ್ಮ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ ಕಂಡರೆ ರಿಟರ್ನ್ಸ್‌ನಲ್ಲೇ ವಾಪಸು ಕೇಳಿ. ಮಾರಾಟವನ್ನು ತೋರಿಸದೆ ಸುಮ್ಮನಿದ್ದವರಿಗೂ ನೆಮ್ಮದಿಯಿಲ್ಲ: 30 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ನೋಂದಣಿಗಳ ಮಾಹಿತಿ ಉಪನೋಂದಣಾಧಿಕಾರಿ ಕಚೇರಿಯಿಂದ ಇಲಾಖೆಗೆ ಹೋಗುತ್ತದೆ, ನಿಮ್ಮ ಎಐಎಸ್‌ನಲ್ಲಿ (ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ) ಕಾಣುತ್ತದೆ.

ದಿನಾಂಕ ತಪ್ಪಿಹೋಗಿದ್ದರೆ ಒಂದು ಕಿರಿದಾದ ದಾರಿ ಇದೆ. ಆಸ್ಪತ್ರೆವಾಸ, ಕುಟುಂಬದಲ್ಲಿ ಸಾವಿನಂತಹ ನಿಜವಾದ ಕಾರಣವಿದ್ದರೆ 119(2)(ಬಿ) ಕಲಂ ಅಡಿ ವಿಳಂಬ ಮನ್ನಿಸುವಂತೆ ಅರ್ಜಿ ಹಾಕಬಹುದು. 2024ರ ಅಕ್ಟೋಬರ್ 1ರ ಸುತ್ತೋಲೆಯಂತೆ, ಕರನಿರ್ಧರಣಾ ವರ್ಷ ಮುಗಿದು ಐದು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು, 1 ಕೋಟಿವರೆಗಿನ ಪ್ರಕರಣಗಳನ್ನು ಪ್ರಧಾನ ಆಯುಕ್ತರ ಮಟ್ಟದಲ್ಲಿ ತೀರ್ಮಾನಿಸುತ್ತಾರೆ. ಆಸ್ಪತ್ರೆಯ ಕಾಗದ, ದಿನಾಂಕ ಸಹಿತ ಪುರಾವೆ ಇಲ್ಲದೆ ಇದಕ್ಕೆ ಹೋಗಬೇಡಿ.

ಹೊರದೇಶದಲ್ಲಿರುವವರಿಗೆ

ಊರಿನ ಸೈಟನ್ನು ನಷ್ಟಕ್ಕೆ ಮಾರುವ ಅನಿವಾಸಿ ಕನ್ನಡಿಗರಿಗೆ ಟಿಡಿಎಸ್ ದೊಡ್ಡ ತಲೆನೋವು. ಅವರಿಗೆ 50 ಲಕ್ಷದ ಮಿತಿ ಇಲ್ಲ, ದರವೂ ಹೆಚ್ಚು, ಖರೀದಿದಾರರು ಸಾಮಾನ್ಯವಾಗಿ ಪೂರ್ತಿ ಬೆಲೆಯ ಮೇಲೆಯೇ ಹಿಡಿಯುತ್ತಾರೆ. ನೋಂದಣಿಗೆ ಮೊದಲೇ ಇಲಾಖೆಯಿಂದ ಕಡಿಮೆ ಅಥವಾ ಶೂನ್ಯ ಕಡಿತದ ಪ್ರಮಾಣಪತ್ರ ಪಡೆದರೆ ಲಕ್ಷಗಟ್ಟಲೆ ಹಣ ಸಿಕ್ಕಿಹಾಕಿಕೊಳ್ಳುವುದು ತಪ್ಪುತ್ತದೆ. ಬ್ರಿಟನ್ನಿನ ತೆರಿಗೆ ನಿವಾಸಿಗಳಿಗೆ, ಬೆಲೆ ನಗಣ್ಯವಾದ ಆಸ್ತಿಯನ್ನು ಮಾರದೆಯೇ ಮಾರಿದಂತೆ ಭಾವಿಸಿ ನಷ್ಟ ಕೇಳುವ ಸೌಲಭ್ಯ ಅಲ್ಲಿದೆ. ಆದರೆ ಭೂಮಿಯ ಬೆಲೆ ಶೂನ್ಯದ ಹತ್ತಿರಕ್ಕೆ ಇಳಿಯುವುದು ಅಪರೂಪವಾದ್ದರಿಂದ ಸೈಟಿಗೆ ಅದು ದಕ್ಕುವುದು ಕಷ್ಟ. ಅಮೆರಿಕದಲ್ಲಿ ಹೂಡಿಕೆ ಆಸ್ತಿಯ ಬಂಡವಾಳ ನಷ್ಟವನ್ನು ವರ್ಷಕ್ಕೆ 3,000 ಡಾಲರ್‌ವರೆಗೆ ಇತರ ಆದಾಯದಿಂದಲೂ ಕಳೆಯಬಹುದು. ಸ್ವಂತ ವಾಸದ ಮನೆಗೆ ಇದಿಲ್ಲ.

ಸಲ್ಲಿಸಿದ ಮೇಲೆ

ಕೆಲವು ವಾರಗಳಲ್ಲಿ 143(1) ಕಲಂನ ಸೂಚನಾಪತ್ರ ಬರುತ್ತದೆ. ಮರುಪಾವತಿಯ ಮೊತ್ತ ನೋಡಿ ಮುಚ್ಚಿಡಬೇಡಿ. ಮುಂದಕ್ಕೆ ಒಯ್ಯುವ ನಷ್ಟದ ಸಾಲಿನಲ್ಲಿ ಇಲಾಖೆ ಒಪ್ಪಿದ ಮೊತ್ತ ನಿಮ್ಮದಕ್ಕೆ ಹೊಂದುತ್ತದೆಯೇ ಪರಿಶೀಲಿಸಿ. ಎದ್ದುಕಾಣುವ ತಪ್ಪಾಗಿದ್ದರೆ 154ನೇ ಕಲಂ ಅಡಿ ತಿದ್ದುಪಡಿ ಅರ್ಜಿ ಹಾಕಿ. ಇಲಾಖೆ ನಷ್ಟವನ್ನೇ ಒಪ್ಪದಿದ್ದರೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಪ್ರತಿವರ್ಷದ ರಿಟರ್ನ್ಸ್‌ನಲ್ಲೂ ಉಳಿದ ನಷ್ಟವನ್ನು ನಮೂದಿಸುತ್ತಾ ಹೋಗಿ, ಆಡಿಟರನ್ನು ಬದಲಿಸಿದ ವರ್ಷ ಇದು ಬಿಟ್ಟುಹೋಗುವುದು ಸಾಮಾನ್ಯ. ಕ್ರಯಪತ್ರ, ರಸೀದಿ, ಮೌಲ್ಯಮಾಪಕರ ವರದಿ ಮತ್ತು ಆ ವರ್ಷದ ಸೂಚನಾಪತ್ರವನ್ನು, ನಷ್ಟದ ಕೊನೆಯ ರೂಪಾಯಿ ಹೊಂದಾಣಿಕೆಯಾಗಿ ಆ ವರ್ಷದ ತನಿಖೆಯ ಅವಧಿ ಮುಗಿಯುವವರೆಗೆ ಜೋಪಾನವಾಗಿಡಿ.